ಎಂಟು ಜನರ ಹಗ್ಗ, ನಾಲ್ಕು ಜನರ ಬಲ

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಅವರಿಗೆ ಮನಶ್ಶಾಸ್ತ್ರದ ಗೊಡವೆ ಇರಲಿಲ್ಲ. ಹೊಲದ ಕೆಲಸಕ್ಕೆ ಎತ್ತು ಲೇಸೋ ಕುದುರೆ ಲೇಸೋ, ಯಂತ್ರವೋ ಆಳುಗಳೋ ಎಂದು ಲೆಕ್ಕ ಹಾಕುತ್ತಿದ್ದವರು ಅವರು. 1880ರ ದಶಕದಲ್ಲಿ ಜನರ ಕೈಗೆ ಹಗ್ಗ ಕೊಟ್ಟು, ಇನ್ನೊಂದು ತುದಿಗೆ ಬಲ ಅಳೆಯುವ ಸಾಧನ ಕಟ್ಟಿ ಎಳೆಸಿದರು. ಒಬ್ಬನೇ ಎಳೆದಾಗಿನ ಬಲವನ್ನು ನೂರು ಎಂದಿಟ್ಟುಕೊಂಡರೆ, ಇಬ್ಬರಾದಾಗ ತಲಾ ಬಲ 93ಕ್ಕೆ ಇಳಿಯಿತು. ನಾಲ್ವರಾದಾಗ 77. ಎಂಟು ಮಂದಿಯಾದಾಗ 49. ಅಂದರೆ ಎಂಟು ಜನ ಸೇರಿ ಹೆಚ್ಚುಕಡಿಮೆ ನಾಲ್ಕು ಜನರಷ್ಟೇ ಎಳೆದಿದ್ದರು. ಈ ಲೆಕ್ಕ ಅಚ್ಚಾದದ್ದು 1913ರಲ್ಲಿ. ಆಮೇಲೂ ಬಹಳ ಕಾಲ ಅದನ್ನು ಓದಿದವರು ಕಡಿಮೆ.

ಒಗ್ಗಟ್ಟಿನಲ್ಲಿ ಬಲವಿದೆ ಎಂದು ಶಾಲೆಯ ಗೋಡೆಯ ಮೇಲೆ ಓದಿ ಬೆಳೆದವರಿಗೆ ಇದು ಕಸಿವಿಸಿಯ ಸಂಗತಿ. ಆದರೆ ತಂಡಗಳ ಅಧ್ಯಯನವೆಂಬ ಶಾಸ್ತ್ರ ಶುರುವಾದದ್ದೇ ಹೀಗೆ ಸೋರಿಕೆಯನ್ನು ಅಳೆಯುವುದರಿಂದ. ಎಲ್ಲಿ ಸೋರುತ್ತಿದೆ, ಯಾಕೆ, ತಡೆಯಬಹುದೆ ಎಂದು ಹುಡುಕುತ್ತ ಹೋದವರು ಗಣಿ, ಗಿರಣಿ, ವಿಮಾನ, ಆಪರೇಷನ್ ಥಿಯೇಟರ್, ಸಾಫ್ಟ್‌ವೇರ್ ಕಚೇರಿಗಳನ್ನೆಲ್ಲ ಹೊಕ್ಕು ಬಂದರು. ಆ ದಾರಿಯಲ್ಲಿ ನಡೆದು ನೋಡಿದರೆ ಸಂಶೋಧಕರ ಕಣ್ಣು ಮೆಲ್ಲಗೆ ಜಾಗ ಬದಲಿಸಿದ್ದು ಕಾಣುತ್ತದೆ. ತಂಡದಲ್ಲಿ ಯಾರ್‍ಯಾರಿದ್ದಾರೆ ಎಂಬುದನ್ನು ಬಿಟ್ಟು, ಅವರ ಕೆಲಸವನ್ನು ಹೇಗೆ ಏರ್ಪಡಿಸಿದೆ ಎಂಬುದರ ಮೇಲೆ ಅದು ನಿಂತಿತು. ತರಬೇತಿ ಶಿಬಿರಗಳಲ್ಲಿ ಮಾತ್ರ ಇಂದಿಗೂ ಬಿಕರಿಯಾಗುವುದು ಮೊದಲನೆಯದೇ.

ಜನ ಹೆಚ್ಚಿದಂತೆ ಎಲ್ಲರೂ ಒಂದೇ ಕ್ಷಣದಲ್ಲಿ ಒಂದೇ ದಿಕ್ಕಿಗೆ ಎಳೆಯುವುದು ಕಷ್ಟ, ನಷ್ಟಕ್ಕೆ ಮುಖ್ಯ ಕಾರಣ ಅದು ಎಂದು ರಿಂಗಲ್‌ಮನ್ ಊಹಿಸಿದ್ದರು. ಅದು ಅರ್ಧ ಸತ್ಯ ಎಂದು ತೋರಿಸಿಕೊಟ್ಟದ್ದು 1974ರ ಒಂದು ಚತುರ ಪ್ರಯೋಗ. ಅಲನ್ ಇಂಗಮ್ ಮತ್ತು ಸಂಗಡಿಗರು ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂದಿನ ಜಾಗದಲ್ಲಿ ನಿಲ್ಲಿಸಿದರು. ಹಿಂದಿನವರು ಎಳೆಯುವಂತೆ ನಟಿಸಿದರೇ ಹೊರತು ಎಳೆಯಲಿಲ್ಲ. ತಾಳ ತಪ್ಪುವ ಪ್ರಶ್ನೆಯೇ ಇಲ್ಲದಿದ್ದರೂ, ಹಿಂದೆ ಜನರಿದ್ದಾರೆಂದು ನಂಬಿದವನ ಎಳೆತ ಕುಗ್ಗಿತು. 1979ರಲ್ಲಿ ಬಿಬ್ ಲಟಾನೆ, ಕಿಪ್ಲಿಂಗ್ ವಿಲಿಯಮ್ಸ್, ಸ್ಟೀಫನ್ ಹಾರ್ಕಿನ್ಸ್ ಓಹಿಯೋದಲ್ಲಿ ವಿದ್ಯಾರ್ಥಿಗಳಿಂದ ಚಪ್ಪಾಳೆ ಹೊಡೆಸಿ, ಕೂಗಿಸಿ ಅಳೆದಾಗಲೂ ಅದೇ ಕತೆ. ಗುಂಪಿನಲ್ಲಿ ಮೈಗಳ್ಳತನ! ಆದರೆ ಎರಡು ವರ್ಷ ಕಳೆದು ಅದೇ ಮೂವರು ಪ್ರಕಟಿಸಿದ ಮುಂದಿನ ಪ್ರಯೋಗ ಹೆಚ್ಚು ಉಪಯೋಗದ್ದು. ಪ್ರತಿಯೊಬ್ಬರ ಸದ್ದನ್ನೂ ಬೇರೆಬೇರೆಯಾಗಿ ಅಳೆಯುತ್ತೇವೆ ಎಂದು ತಿಳಿಸಿದ ಕೂಡಲೇ ಮೈಗಳ್ಳತನ ಮಾಯವಾಯಿತು. ಜನ ಬದಲಾಗಿರಲಿಲ್ಲ. ಯಾರ ಪಾಲು ಎಷ್ಟೆಂದು ಕಾಣುವ ಏರ್ಪಾಡು ಬಂದಿತ್ತು, ಅಷ್ಟೆ.

ಇದಕ್ಕೆ ತದ್ವಿರುದ್ಧವಾದ ಫಲಿತಾಂಶವೂ ಬಹಳ ಹಿಂದೆಯೇ ಸಿಕ್ಕಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. 1920ರ ದಶಕದಲ್ಲಿ ಬರ್ಲಿನ್ನಿನ ದೋಣಿ ಕ್ಲಬ್ಬಿನ ಹುಟ್ಟುಗಾರರನ್ನು ಜೋಡಿ ಮಾಡಿ, ಇಬ್ಬರಲ್ಲಿ ಯಾರು ಸೋತರೂ ಆಟ ಮುಗಿಯುವಂತೆ ಭಾರ ಎತ್ತಿಸಿದ ಒಟ್ಟೊ ಕೋಲರ್, ಬಲ ಕಡಿಮೆಯಿದ್ದವನು ಒಬ್ಬನೇ ಇದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಡೆದು ನಿಲ್ಲುವುದನ್ನು ಕಂಡರು. ತನ್ನಿಂದ ಇನ್ನೊಬ್ಬನಿಗೆ ಸೋಲಾದೀತು ಎಂಬ ಅಂಜಿಕೆ ಆತನಿಂದ ಇನ್ನಷ್ಟು ದುಡಿಸಿತ್ತು. ಹಗ್ಗದಲ್ಲಿ ಅಡಗಿಕೊಳ್ಳಲು ಜಾಗವಿದೆ, ಇಬ್ಬರೇ ಹಿಡಿದ ಭಾರದಲ್ಲಿ ಇಲ್ಲ. 1972ರಲ್ಲಿ ಐವನ್ ಸ್ಟೈನರ್ ಇದನ್ನೆಲ್ಲ ಒಂದು ಸಮೀಕರಣಕ್ಕೆ ಇಳಿಸಿದರು: ತಂಡ ಮಾಡಬಲ್ಲ ಕೆಲಸದಲ್ಲಿ, ಕೂಡಿ ಮಾಡುವಾಗಿನ ನಷ್ಟ ಕಳೆದರೆ ಉಳಿಯುವುದೇ ತಂಡ ಮಾಡಿದ ಕೆಲಸ. ಕೆಲಸದ ಬಗೆ ಬೇರೆಯಾದರೆ ನಷ್ಟದ ಬಗೆಯೂ ಬೇರೆ ಎಂದೂ ಅವರು ವಿಂಗಡಿಸಿದರು.

ಪ್ರಯೋಗಶಾಲೆಯ ಈ ಕತೆಯ ಪಕ್ಕದಲ್ಲೇ ಕಾರ್ಖಾನೆಯ ಕತೆ ಬೆಳೆಯುತ್ತಿತ್ತು. ಷಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳನ್ನು ಎಂಬಿಎ ಓದಿದವರೆಲ್ಲ ಬಲ್ಲರು. ದೀಪ ಹೆಚ್ಚು ಮಾಡಿದರೂ ಕಡಿಮೆ ಮಾಡಿದರೂ ಉತ್ಪಾದನೆ ಏರಿತು, ಕಾರಣ ಜನರಿಗೆ ಸಿಕ್ಕ ಗಮನ ಎಂಬ ಕತೆ ಬಹಳ ಸವೆದಿದೆ. ಅದರ ಅಂಕಿಅಂಶಗಳನ್ನು ಮುಂದೆ ಕೆದಕಿ ನೋಡಿದವರು ಅಷ್ಟು ಸರಳ ಕತೆ ಅಲ್ಲಿಲ್ಲ ಎಂದಿದ್ದಾರೆ. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಕೊನೆಯಲ್ಲಿ ನಡೆದ, ಕಡಿಮೆ ಹೆಸರಾದ ಅಧ್ಯಯನ. ಟೆಲಿಫೋನ್ ಸಲಕರಣೆಗೆ ತಂತಿ ಜೋಡಿಸುವ 14 ಗಂಡಸರ ಒಂದು ಕೊಠಡಿಯಲ್ಲಿ ಸಂಶೋಧಕರು ಸುಮ್ಮನೆ ಕೂತು ನೋಡಿದರು. ದಿನಕ್ಕೆ ಎಷ್ಟು ಕೆಲಸ ಸಾಕು ಎಂಬುದನ್ನು ಆ ಗಂಡಸರೇ ತಮ್ಮೊಳಗೆ ನಿಶ್ಚಯ ಮಾಡಿಕೊಂಡಿದ್ದರು. ಅದನ್ನು ಮೀರಿ ದುಡಿದವನಿಗೆ ಅಡ್ಡಹೆಸರು, ತೋಳಿಗೆ ಒಂದು ಗುದ್ದು. ಕಡಿಮೆ ದುಡಿದವನಿಗೂ ಮರ್ಯಾದೆಯಿಲ್ಲ. ಹೆಚ್ಚು ಮಾಡಿದರೆ ಹೆಚ್ಚು ಸಂಬಳ ಎಂಬ ಕಂಪನಿಯ ಲೆಕ್ಕ ಅಲ್ಲಿ ನಡೆಯಲಿಲ್ಲ. ಅದು ಅಚ್ಚುಕಟ್ಟಾದ, ಒಗ್ಗಟ್ಟಿನ ತಂಡವೇ. ಒಗ್ಗಟ್ಟು ಯಾವ ಕಡೆಗೆ ಎಂಬುದು ಮಾಲೀಕರಿಗೆ ಬೇಕಾದ ಹಾಗಿರಲಿಲ್ಲ.

ಏರ್ಪಾಡಿನ ಪ್ರಶ್ನೆ ನಿಜವಾಗಿ ಬಾಯಿಬಿಟ್ಟದ್ದು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಹಾಗೂ ಹಿಂದೆ ತಾವೇ ಗಣಿಯಲ್ಲಿ ದುಡಿದಿದ್ದ ಕೆನ್ ಬ್ಯಾಮ್‌ಫರ್ತ್ 1951ರಲ್ಲಿ ಬರೆದ ಪ್ರಬಂಧ ಈ ಶಾಸ್ತ್ರದ ತಿರುವು. ಯಂತ್ರ ಬರುವ ಮೊದಲು ಇಬ್ಬರೋ ಮೂವರೋ ತಮ್ಮತಮ್ಮಲ್ಲೇ ಜೋಡಿಯಾಗಿ, ಕಡಿಯುವುದರಿಂದ ತುಂಬಿ ಸಾಗಿಸುವವರೆಗೆ ಎಲ್ಲವನ್ನೂ ಮಾಡಿ, ಕೂಲಿ ಹಂಚಿಕೊಳ್ಳುತ್ತಿದ್ದರು. ಯಂತ್ರ ಬಂದ ಮೇಲೆ ನಲವತ್ತು ಐವತ್ತು ಜನ ಮೂರು ಪಾಳಿಗಳಲ್ಲಿ ಹಂಚಿಹೋದರು. ಒಂದು ಪಾಳಿ ಕಲ್ಲಿದ್ದಲು ಕತ್ತರಿಸಬೇಕು, ಇನ್ನೊಂದು ಸಾಗಿಸುವ ಸಲಕರಣೆಯನ್ನು ಮುಂದಕ್ಕೆ ಸರಿಸಬೇಕು, ಮತ್ತೊಂದು ತುಂಬಬೇಕು. ಮೊದಲ ಪಾಳಿಯವರು ಕೆಲಸ ಹಾಳುಮಾಡಿದರೆ ಅನುಭವಿಸುವವರು ಮೂರನೆಯ ಪಾಳಿಯವರು, ಅವರಿಗೆ ಇವರ ಮುಖಪರಿಚಯವೂ ಇಲ್ಲ. ದೂರು, ಗೈರುಹಾಜರಿ, ಕಾಯಿಲೆ ಹೆಚ್ಚಿದವು. ಹೊಸ ಯಂತ್ರ ಕೊಡಬೇಕಾದಷ್ಟು ಕೊಡಲಿಲ್ಲ.

ಸ್ವಾರಸ್ಯವೆಂದರೆ, ಇದಕ್ಕೆ ಮದ್ದು ಪಂಡಿತರಿಂದ ಬರಲಿಲ್ಲ. ಕೆಲವು ಗಣಿಗಳಲ್ಲಿ ಕಾರ್ಮಿಕರೇ ಅದೇ ಯಂತ್ರಗಳನ್ನಿಟ್ಟುಕೊಂಡು ಹಳೆಯ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ಕಟ್ಟಿಕೊಂಡಿದ್ದರು. ಇಡೀ ಗುಂಪಿಗೆ ಒಂದೇ ಕೂಲಿ, ಎಲ್ಲರೂ ಎಲ್ಲ ಕೆಲಸ ಕಲಿಯಬೇಕು, ಹಿಂದಿನ ಪಾಳಿ ಬಿಟ್ಟ ಕಡೆಯಿಂದ ಮುಂದಿನ ಪಾಳಿ ಎತ್ತಿಕೊಳ್ಳಬೇಕು. ಡರ್ಹಮ್ ಪ್ರಾಂತದಲ್ಲಿ ಎರಡು ಬಗೆಯ ಗುಂಪುಗಳನ್ನು ಪಕ್ಕಪಕ್ಕ ಇಟ್ಟು ಅಳೆದಾಗ, ಪಾಳಿ ಹಂಚಿದ ಗುಂಪು ತೆಗೆಯಬಹುದಾದ ಕಲ್ಲಿದ್ದಲಿನ ಶೇ. 78ರಷ್ಟನ್ನು ತೆಗೆದಿತ್ತು, ಕೂಡುಗುಂಪು ಶೇ. 95ರಷ್ಟನ್ನು. ಯಂತ್ರ ಒಂದೇ, ನೆಲ ಒಂದೇ, ಜನರೂ ಅದೇ ಊರಿನವರು.

ಈ ವಿಚಾರ ಭಾರತಕ್ಕೆ ಬಂದದ್ದು ಬಹಳ ಬೇಗ. ಅಹಮದಾಬಾದಿನ ಸಾರಾಭಾಯಿ ಕುಟುಂಬದ ಕ್ಯಾಲಿಕೊ ಗಿರಣಿ ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹಾಕಿತ್ತು. ಉತ್ಪಾದನೆ ಮಾತ್ರ ಏರಲಿಲ್ಲ. 1953ರಲ್ಲಿ ಟ್ಯಾವಿಸ್ಟಾಕ್‌ನ ಎ.ಕೆ. ರೈಸ್ ಬಂದು ನೋಡಿದಾಗ 224 ಮಗ್ಗಗಳ ಸುತ್ತ 29 ಜನ 12 ಬಗೆಯ ಕೆಲಸಗಳಲ್ಲಿ ಓಡಾಡುತ್ತಿದ್ದರು. ನೇಯುವವನು, ಬಾಬಿನ್ ತುಂಬುವವನು, ಎಣ್ಣೆ ಬಿಡುವವನು, ಕಸ ಗುಡಿಸುವವನು, ಮಗ್ಗ ಸರಿಪಡಿಸುವ ಜಾಬರ್. ಒಬ್ಬೊಬ್ಬರು ನೋಡಿಕೊಳ್ಳಬೇಕಾದ ಮಗ್ಗಗಳ ಸಂಖ್ಯೆ ಒಂದೊಂದು. ಹಾಗಾಗಿ ಯಾವ ನಾಲ್ಕು ಜನರಿಗೂ ಇವು ನಮ್ಮ ಮಗ್ಗಗಳು ಎನ್ನಲು ಬರುತ್ತಿರಲಿಲ್ಲ. ಒಂದಷ್ಟು ಮಗ್ಗಗಳಿಗೆ ಒಂದು ಸಣ್ಣ ಗುಂಪನ್ನೇ ಹೊಣೆ ಮಾಡಿದರೆ ಹೇಗೆ ಎಂದು ರೈಸ್ ಮೇಲ್ವಿಚಾರಕರ ಜೊತೆ ಮಾತಾಡಿದ್ದಷ್ಟೇ, ಸುದ್ದಿ ಶೆಡ್ಡಿಗೆ ಹಬ್ಬಿ ಕಾರ್ಮಿಕರು ತಾವೇ ಗುಂಪು ಕಟ್ಟಿಕೊಂಡರು. ಆರಂಭದ ಏರುಪೇರು ಕಳೆದ ಮೇಲೆ ಉತ್ಪಾದನೆ ಏರಿತು, ಕೆಡುವ ಬಟ್ಟೆ ಕಡಿಮೆಯಾಯಿತು. ಸಾಮಾನ್ಯವಾಗಿ ಇಂಥ ಕತೆಗಳು ಇಲ್ಲಿಗೆ ಮುಗಿಯುತ್ತವೆ. ಆದರೆ 1970ರಲ್ಲಿ ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದರು. ಒಂದು ಕಡೆ ಗುಂಪು ಪದ್ಧತಿ ಗಟ್ಟಿಯಾಗಿ ಉಳಿದಿತ್ತು, ಉಳಿದೆಡೆ ಹಳೆಯ ಜಾಡಿಗೆ ಜಾರಿತ್ತು. ಹೀಗೆ 17 ವರ್ಷ ಬಿಟ್ಟು ಮರಳಿ ಹೋಗುವ ತಾಳ್ಮೆ ಈ ಶಾಸ್ತ್ರದಲ್ಲಿ ಅಪರೂಪ. ಮೊದಲ ವರ್ಷದ ಯಶಸ್ಸನ್ನಷ್ಟೇ ವರದಿ ಮಾಡುವ ಚಾಳಿ ಇಂದಿಗೂ ಹೋಗಿಲ್ಲ.

ನಡುವೆ ಬಂದ ಎರಡು ಜನಪ್ರಿಯ ಮಾದರಿಗಳನ್ನು ಬೇಗ ದಾಟೋಣ. ತಂಡಗಳು ಕೂಡುತ್ತವೆ, ಕಾದಾಡುತ್ತವೆ, ಕಟ್ಟಳೆ ಮಾಡಿಕೊಳ್ಳುತ್ತವೆ, ಆಮೇಲೆ ಕೆಲಸ ಮಾಡುತ್ತವೆ ಎಂದು 1965ರಲ್ಲಿ ಬ್ರೂಸ್ ಟಕ್‌ಮನ್ ಹೇಳಿದರು. ಇಂಗ್ಲಿಷಿನಲ್ಲಿ ಪ್ರಾಸಬದ್ಧವಾದ ಆ ನಾಲ್ಕು ಹಂತಗಳು ಜಗತ್ತಿನ ಎಲ್ಲ ತರಬೇತಿಗಳಲ್ಲೂ ಇವೆ. ಅವರು ಸ್ವತಃ ಪ್ರಯೋಗ ಮಾಡಿರಲಿಲ್ಲ, ಆಗಲೇ ಪ್ರಕಟವಾಗಿದ್ದ 50 ಲೇಖನಗಳನ್ನು ಓದಿ ಸಾರ ತೆಗೆದಿದ್ದರು, ಅವುಗಳಲ್ಲಿ ಹೆಚ್ಚಿನವು ಮನೋಚಿಕಿತ್ಸೆಯ ಗುಂಪುಗಳ ಬಗೆಗಿನವು ಎಂಬುದನ್ನು ತರಬೇತುದಾರರು ಹೇಳುವುದಿಲ್ಲ. ಇನ್ನೊಂದು, ಮೆರೆಡಿತ್ ಬೆಲ್ಬಿನ್ ಅವರ ಪಾತ್ರಗಳ ಸಿದ್ಧಾಂತ. ಇಂಗ್ಲೆಂಡಿನ ಹೆನ್ಲಿ ಕಾಲೇಜಿನ ಮ್ಯಾನೇಜರುಗಳ ಆಟಗಳನ್ನು ವರ್ಷಗಟ್ಟಲೆ ಗಮನಿಸಿ 1981ರಲ್ಲಿ ಅವರು ಪುಸ್ತಕ ಬರೆದರು. ಪಾತ್ರಗಳ ಪಟ್ಟಿಗಿಂತ ಅವರು ಕಂಡ ಒಂದು ಸಂಗತಿ ಹೆಚ್ಚು ಬಾಳುವಂಥದ್ದು. ಬುದ್ಧಿವಂತರನ್ನೇ ಆರಿಸಿ ಮಾಡಿದ ತಂಡಗಳು ಹೆಚ್ಚಾಗಿ ಹಿಂದೆ ಬಿದ್ದವು. ಒಬ್ಬರ ವಾದದ ಹುಳುಕನ್ನು ಇನ್ನೊಬ್ಬರು ಹುಡುಕುವುದರಲ್ಲೇ ಅವರ ಹೊತ್ತು ಹೋಗುತ್ತಿತ್ತು. ಕೂಡಿ ಕೂತು ಐಡಿಯಾ ಸುರಿಸುವ ಬ್ರೇನ್‌ಸ್ಟಾರ್ಮಿಂಗ್‌ ಗತಿಯೂ ಹೆಚ್ಚುಕಡಿಮೆ ಅದೇ. ಅಷ್ಟೇ ಜನ ಬೇರೆಬೇರೆ ಕೂತು ಯೋಚಿಸಿದರೆ ಹೆಚ್ಚು ಐಡಿಯಾ ಹುಟ್ಟುತ್ತವೆ ಎಂದು 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಕಂಡುಬಂದಿತ್ತು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಲ್ಲ!

ಈ ಶಾಸ್ತ್ರಕ್ಕೆ ತುರ್ತು ಬಂದದ್ದು ಸಾವುಗಳಿಂದ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಕೆಎಲ್ಎಂ ಸಂಸ್ಥೆಯ ಜಂಬೋ ವಿಮಾನ ಅಪ್ಪಣೆ ಸಿಗುವ ಮೊದಲೇ ಓಡತೊಡಗಿ, ಅದೇ ರನ್‌ವೇಯಲ್ಲಿದ್ದ ಪ್ಯಾನ್ ಆಮ್ ವಿಮಾನಕ್ಕೆ ಅಪ್ಪಳಿಸಿತು. 583 ಜನ ಸತ್ತರು. ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯೋ ಇಲ್ಲವೋ ಎಂಬ ಅನುಮಾನ ಕೆಎಲ್ಎಂನ ಫ್ಲೈಟ್ ಎಂಜಿನಿಯರಿಗೆ ಬಂದಿತ್ತು, ಅವರು ಕೇಳಿಯೂ ಕೇಳಿದ್ದರು. ಸಂಸ್ಥೆಯ ಅತ್ಯಂತ ಹಿರಿಯ ಪೈಲಟ್‌ಗಳಲ್ಲಿ ಒಬ್ಬರಾಗಿದ್ದ ಕ್ಯಾಪ್ಟನ್ ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಚಕ್ರದ ತೊಂದರೆ ಪರೀಕ್ಷಿಸುತ್ತ ಸುತ್ತು ಹಾಕುತ್ತಲೇ ಇಂಧನ ಮುಗಿದು ಬಿತ್ತು, 10 ಜನ ಸತ್ತರು. ಇಂಧನ ಕಡಿಮೆಯಾಗುತ್ತಿದೆ ಎಂದು ಪಕ್ಕದವರಿಗೆ ಗೊತ್ತಿತ್ತು, ಹೇಳಿದ್ದು ಮಾತ್ರ ಮೆಲುದನಿಯಲ್ಲಿ.

1979ರಲ್ಲಿ ನಾಸಾ ಈ ಬಗ್ಗೆ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಸಿಬ್ಬಂದಿಗೆ ಹೊಸ ತರಬೇತಿ ಶುರುಮಾಡಿತು. ಇಂದು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಜಗತ್ತಿನ ವಿಮಾನಯಾನವೆಲ್ಲ ಅದನ್ನು ಪಾಲಿಸುತ್ತದೆ. ಕಿರಿಯರು ಬಿಡಿಸಿ ಹೇಳಬೇಕು, ಹಿರಿಯರು ಕೇಳಿ ಪಡೆಯಬೇಕು ಎಂಬುದೇ ಅದರ ತಿರುಳು. 1989ರ ಜುಲೈ 19ರಂದು ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ ಸಿಡಿದು, ಹಾರಾಟ ನಿಯಂತ್ರಿಸುವ ಎಲ್ಲ ಹೈಡ್ರಾಲಿಕ್ ವ್ಯವಸ್ಥೆಗಳೂ ಸತ್ತುಹೋದವು. ಕ್ಯಾಪ್ಟನ್ ಆಲ್ ಹೇನ್ಸ್, ಪ್ರಯಾಣಿಕರಾಗಿ ಕೂತಿದ್ದ ತರಬೇತುದಾರ ಡೆನ್ನಿಸ್ ಫಿಚ್ ಅವರನ್ನೂ ಕಾಕ್‌ಪಿಟ್ಟಿಗೆ ಕರೆಸಿಕೊಂಡು, ಉಳಿದ ಎರಡು ಎಂಜಿನ್‌ಗಳ ವೇಗ ಏರಿಸಿ ಇಳಿಸಿ ಸೂ ಸಿಟಿಯ ನಿಲ್ದಾಣದವರೆಗೆ ತಂದರು. 296 ಜನರಲ್ಲಿ 184 ಮಂದಿ ಬದುಕಿದರು. ಆ ತರಬೇತಿಯಿಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ಹೇನ್ಸ್ ಕೊನೆಯವರೆಗೂ ಹೇಳುತ್ತಿದ್ದರು.

ವಿಮಾನದ ಸಿಬ್ಬಂದಿಯನ್ನೇ ಹತ್ತಿರದಿಂದ ನೋಡಿದ ಇನ್ನೊಬ್ಬರು ಹಾರ್ವರ್ಡಿನ ರಿಚರ್ಡ್ ಹ್ಯಾಕ್‌ಮನ್. ಈ ಶಾಸ್ತ್ರದಲ್ಲಿ ಒಬ್ಬರನ್ನೇ ಓದುವುದಾದರೆ ಇವರನ್ನು ಓದಬೇಕು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಪರಿಶೀಲಿಸಿದ ವಿಮಾನ ಅವಘಡಗಳಲ್ಲಿ ಶೇ. 73ರಷ್ಟು ಆ ಸಿಬ್ಬಂದಿ ಜೊತೆಯಾಗಿ ಹಾರಿದ ಮೊದಲ ದಿನವೇ ಆಗಿದ್ದವು, ಶೇ. 44ರಷ್ಟು ಮೊಟ್ಟಮೊದಲ ಹಾರಾಟದಲ್ಲೇ. ನಾಸಾದ ಅಧ್ಯಯನವೊಂದರಲ್ಲಿ, ದಣಿದಿದ್ದರೂ ಜೊತೆಗೆ ಹಾರಿ ಪಳಗಿದ್ದ ಸಿಬ್ಬಂದಿ, ವಿಶ್ರಾಂತಿ ಪಡೆದು ಬಂದ ಅಪರಿಚಿತರಿಗಿಂತ ಕಡಿಮೆ ತಪ್ಪು ಮಾಡಿದ್ದರು. ತಂಡವನ್ನು ನಡುದಾರಿಯಲ್ಲಿ ಹುರಿದುಂಬಿಸಿ ರಿಪೇರಿ ಮಾಡುವುದು ಕಷ್ಟ ಎಂಬುದು ಹ್ಯಾಕ್‌ಮನ್ ತಲುಪಿದ ನಿಲುವು. ತಂಡದ ಯಶಸ್ಸಿನಲ್ಲಿ ಶೇ. 60ರಷ್ಟು ಪಾಲು ಕೆಲಸ ಆರಂಭವಾಗುವ ಮೊದಲಿನ ವಿನ್ಯಾಸದ್ದು, ಶೇ. 30 ಆರಂಭಿಸುವ ಬಗೆಯದು, ಉಳಿದ ಶೇ. 10 ಮಾತ್ರ ನಡೆಯುವಾಗ ಕೊಡುವ ಮಾರ್ಗದರ್ಶನದ್ದು ಎಂದು ಅವರು ಅಂದಾಜಿಸುತ್ತಿದ್ದರು. ಅಂಕಿಗಳು ಕೈಯಂದಾಜಿನವು, ನಿಜ. ನಾಯಕನ ಮಾತಿನ ವರಸೆಗೆ ನಾವು ಕೊಡುವ ಬೆಲೆಯ ಮೇಲೆ ಇಷ್ಟು ತಣ್ಣೀರು ಬೇಕೇ ಇತ್ತು.

ಹ್ಯಾಕ್‌ಮನ್ ಗರಡಿಯಿಂದ ಬಂದ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಔಷಧಿ ತಪ್ಪುಗಳನ್ನು ಎಣಿಸುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕಲ್ಲವೆ? ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು. ಅವರು ಹೆಚ್ಚು ತಪ್ಪು ಮಾಡುತ್ತಿಲ್ಲ, ಮಾಡಿದ್ದನ್ನು ಮುಚ್ಚಿಡುತ್ತಿಲ್ಲ ಎಂದು ಎಡ್ಮಂಡ್‌ಸನ್ ಅರ್ಥಮಾಡಿಕೊಂಡರು. 1999ರಲ್ಲಿ ಒಂದು ಉತ್ಪಾದನಾ ಕಂಪನಿಯ 51 ತಂಡಗಳನ್ನು ಅಭ್ಯಸಿಸಿ ಅದಕ್ಕೆ ಸೈಕಲಾಜಿಕಲ್ ಸೇಫ್ಟಿ ಎಂಬ ಚೌಕಟ್ಟು ಕೊಟ್ಟರು. ಕೇಳಿದರೆ ಪೆದ್ದ ಅನ್ನುತ್ತಾರೆ, ತಪ್ಪು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯವಿಲ್ಲದಿರುವುದು. ಇದನ್ನು ಮೃದುತನ ಎಂದುಕೊಂಡವರು ಟೆನೆರೀಫ್ ಕಾಕ್‌ಪಿಟ್ಟನ್ನು ನೆನೆಯಬೇಕು.

ವಿಮಾನದಿಂದ ಆಪರೇಷನ್ ಥಿಯೇಟರಿಗೆ ಈ ಪಾಠ ಬಂದದ್ದು ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟಿನ ಮೂಲಕ. ಕತ್ತಿ ಇಡುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕೆಂಬುದು ಅದರಲ್ಲೊಂದು ಅಂಶ. ಒಮ್ಮೆ ಬಾಯಿ ತೆರೆದ ನರ್ಸ್ ಎರಡನೆಯ ಸಲ ತೆರೆಯಲು ಅಷ್ಟು ಅಳುಕುವುದಿಲ್ಲ ಎಂಬ ಲೆಕ್ಕಾಚಾರ. ದೆಹಲಿ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ ಇದನ್ನು ಕಡ್ಡಾಯ ಮಾಡಿದ ಮೇಲೆ 101 ಆಸ್ಪತ್ರೆಗಳನ್ನು ನೋಡಿದ 2014ರ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೇಲಿನಿಂದ ಬಂದ ಹಾಳೆಗೆ ಟಿಕ್ ಹಾಕುವುದು ಬೇರೆ, ಬಾಯಿ ತೆರೆಯುವುದು ಬೇರೆ ಎಂದು ನಾನು ಇದನ್ನು ಓದುತ್ತೇನೆ. ಲೆಕ್ಕದ ವಿಧಾನದಲ್ಲೇ ಕಾರಣ ಹುಡುಕುವವರೂ ಇದ್ದಾರೆ.

2010ರಲ್ಲಿ ಅನಿತಾ ವೂಲಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ, 699 ಜನರನ್ನು ಸಣ್ಣ ಗುಂಪು ಮಾಡಿ ನಾನಾ ಬಗೆಯ ಕೆಲಸ ಕೊಟ್ಟಾಗ ಒಂದರಲ್ಲಿ ಮುಂದಿದ್ದ ಗುಂಪು ಉಳಿದವುಗಳಲ್ಲೂ ಮುಂದಿರುತ್ತದೆ ಎಂದು ತೋರಿಸಿದರು. ಗುಂಪಿಗೇ ಒಂದು ಬುದ್ಧಿಮಟ್ಟ ಇದ್ದಂತೆ. ಅದು ಸದಸ್ಯರ ಸರಾಸರಿ ಐಕ್ಯೂಗಿಂತ, ಇನ್ನೊಬ್ಬರ ಕಣ್ಣು ನೋಡಿ ಮನಸ್ಸು ತಿಳಿಯುವ ಶಕ್ತಿಯೊಂದಿಗೆ, ಎಲ್ಲರಿಗೂ ಮಾತಿನ ಸರದಿ ಸಿಗುವುದರೊಂದಿಗೆ ಹೆಚ್ಚು ತಳಕು ಹಾಕಿಕೊಂಡಿತ್ತು. ಜಾಣರ ಗುಂಪು ಜಾಣಗುಂಪೇ, ಇದರಲ್ಲಿ ಹೊಸದೇನಿಲ್ಲ ಎಂದು 2017ರಲ್ಲಿ ಪ್ರತಿವಾದವೂ ಬಂತು, ಜಗಳ ಇನ್ನೂ ಪೂರ್ತಿ ಆರಿಲ್ಲ. ಗೂಗಲ್ 2012ರಲ್ಲಿ ಪ್ರಾಜೆಕ್ಟ್ ಅರಿಸ್ಟಾಟಲ್ ಎಂಬ ಹೆಸರಿನಲ್ಲಿ ಶುರುಮಾಡಿದ ಅಧ್ಯಯನದಲ್ಲಿ ತನ್ನದೇ 180 ತಂಡಗಳನ್ನು ಜಾಲಾಡಿ, ಕೆಲವು ವರ್ಷಗಳ ಮೇಲೆ, ಯಾರಿದ್ದಾರೆ ಎಂಬುದಕ್ಕಿಂತ ಹೇಗೆ ಒಡನಾಡುತ್ತಾರೆ ಎಂಬುದು ಮುಖ್ಯ, ಅದರಲ್ಲೂ ಎಡ್ಮಂಡ್‌ಸನ್ ಹೇಳಿದ ನಿರ್ಭಯ ಮೊದಲನೆಯದು ಎಂದಿತು. ದೊಡ್ಡ ಕಂಪನಿ ಹೇಳಿದ್ದರಿಂದ ಅದು ಸುದ್ದಿಯಾಯಿತು. ವಿಷಯ ಹದಿನೈದು ವರ್ಷ ಹಳೆಯದಾಗಿತ್ತು.

ನಮ್ಮ ಬೆಂಗಳೂರಿನಿಂದ ಈ ಶಾಸ್ತ್ರಕ್ಕೆ ಸಂದ ಕಾಣಿಕೆಗೆ ಅಷ್ಟು ಪ್ರಚಾರ ಸಿಕ್ಕಿಲ್ಲ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಹಿಂದೆ ಐಬಿಎಂನಲ್ಲಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು. ಹತ್ತು ಜನರ ನಡುವೆ ಮಾತಿನ ದಾರಿಗಳು 45, ಐವತ್ತು ಜನರಾದರೆ 1,225. ಆದರೆ ಎಷ್ಟು ಜನ ಎಂಬುದರ ಜೊತೆಗೆ, ಆ ಜನ ಮೊದಲು ಜೊತೆಯಾಗಿ ದುಡಿದಿದ್ದಾರೆಯೇ ಎಂದು ಲೆಕ್ಕ ಹಾಕಿದವರು ರಾಬರ್ಟ್ ಹಕ್‌ಮನ್, ಬ್ರ್ಯಾಡ್ಲಿ ಸ್ಟಾಟ್ಸ್ ಮತ್ತು ಡೇವಿಡ್ ಅಪ್ಟನ್. ವಿಪ್ರೊ ಸಂಸ್ಥೆಯ ನೂರಾರು ಪ್ರಾಜೆಕ್ಟುಗಳ ದಾಖಲೆ ಇಟ್ಟುಕೊಂಡು ಅವರು 2009ರಲ್ಲಿ ಪ್ರಬಂಧ ಪ್ರಕಟಿಸಿದರು. ತಂಡದ ಪರಸ್ಪರ ಪರಿಚಯ ಶೇ. 50ರಷ್ಟು ಹೆಚ್ಚಿದ್ದಲ್ಲಿ ತಪ್ಪುಗಳು ಶೇ. 19ರಷ್ಟು, ಬಜೆಟ್ ಏರುಪೇರು ಶೇ. 30ರಷ್ಟು ಕಡಿಮೆಯಿದ್ದವು ಎಂಬುದು ಅದೇ ದಾಖಲೆಗಳಿಂದ ಹಕ್‌ಮನ್ ಮತ್ತು ಸ್ಟಾಟ್ಸ್ ಮುಂದೆ ತೆಗೆದ ಲೆಕ್ಕ. ಸದಸ್ಯರ ಒಟ್ಟು ಅನುಭವದ ವರ್ಷಗಳು ಇಷ್ಟು ನಂಬಿಕೆಯ ಸೂಚಕವಾಗಿರಲಿಲ್ಲ.

2019ರಲ್ಲಿ ಸತ್ಯಂ ಮುಖರ್ಜಿ ಮತ್ತು ಸಂಗಡಿಗರು ಐಪಿಎಲ್ ಸೇರಿದಂತೆ ಹಲವು ಕ್ರೀಡೆಗಳ ದಾಖಲೆ ತೆಗೆದು, ಆಟಗಾರರ ಬಿಡಿ ಪ್ರತಿಭೆಯ ಜೊತೆಗೆ, ಅವರು ಹಿಂದೆ ಕೂಡಿ ಗೆದ್ದದ್ದೂ ಮುಂದಿನ ಗೆಲುವನ್ನು ಸೂಚಿಸುತ್ತದೆ ಎಂದರು. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಒಟ್ಟಿಗಿದ್ದ ಆರ್‌ಸಿಬಿ 2016ರ ಫೈನಲ್‌ನಲ್ಲಿ ಎಂಟು ರನ್ನಿಗೆ ಸೋತದ್ದನ್ನು ಕಂಡವರಿಗೆ ತಾರೆಗಳೇ ಸಾಲದು ಎಂಬುದನ್ನು ಹೇಳಿಕೊಡಬೇಕಿಲ್ಲ. ಆದರೆ ಅದೇ ಆರ್‌ಸಿಬಿ ಮೊದಲ ಕಪ್ ಎತ್ತಿದ್ದು 2025ರಲ್ಲಿ, ಮೂವರನ್ನಷ್ಟೇ ಉಳಿಸಿಕೊಂಡು ಹರಾಜಿನಲ್ಲಿ ತಂಡವನ್ನು ಹೊಸದಾಗಿ ಕಟ್ಟಿದ ಬೆನ್ನಿಗೇ. ಸರಾಸರಿಯ ಶಾಸ್ತ್ರ ಒಂದು ಸೀಸನ್ನಿನ ಕತೆ ಹೇಳದು. ಪರಿಚಯಕ್ಕೂ ಮಿತಿಯಿದೆ. ಸಂಶೋಧನಾ ವಿಭಾಗವೊಂದರ 50 ತಂಡಗಳನ್ನು ನೋಡಿದ ರಾಲ್ಫ್ ಕಾಟ್ಜ್, ಕೆಲವು ವರ್ಷ ಏರಿದ ಸಾಧನೆ ಜನ ತೀರ ಹಳಬರಾದ ಮೇಲೆ ಇಳಿಯುತ್ತದೆ ಎಂದು 1982ರಲ್ಲೇ ಬರೆದಿದ್ದರು. ಹೊರಗಿನವರ ಜೊತೆ ಅವರ ಮಾತು ಕಡಿಮೆಯಾಗುತ್ತ ಹೋಗಿತ್ತು.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಆ ಮಿತಿ ಮುಟ್ಟುವಷ್ಟು ಕಾಲ ತಂಡಗಳು ಉಳಿಯುವುದೇ ಅಪರೂಪ. ಪ್ರಾಜೆಕ್ಟ್ ಮುಗಿದ ಕೂಡಲೇ ಜನ ಮುಂದಿನ ಕೆಲಸಕ್ಕೆ ಕಾಯುವ ಬೆಂಚಿಗೆ ಹೋಗುತ್ತಾರೆ, ಅಲ್ಲಿಂದ ಜಾವಾ ಬಲ್ಲವರು ಇಬ್ಬರು, ಟೆಸ್ಟಿಂಗ್‌ಗೆ ಒಬ್ಬರು ಎಂಬ ಲೆಕ್ಕದಲ್ಲಿ ಬೇರೆಬೇರೆ ಕಡೆಗೆ ಎತ್ತಿಹಾಕಲಾಗುತ್ತದೆ. ರೆಸ್ಯೂಮೆಯಲ್ಲಿ ವರ್ಷಗಳಿಗೆ ಜಾಗವಿದೆ, ಕಲಿತ ತಂತ್ರಜ್ಞಾನಗಳಿಗೆ, ಸರ್ಟಿಫಿಕೇಟುಗಳಿಗೆ ಜಾಗವಿದೆ. ಯಾರ ಜೊತೆ ಎಷ್ಟು ಪ್ರಾಜೆಕ್ಟ್ ಮುಗಿಸಿದ್ದೀರಿ ಎಂಬ ಕಾಲಂ ಇಲ್ಲ.